ಆಪಾ ಕಟ್ಟುತ್ತಿದ್ದ ನಿಯತ್ತು

ಸಂಜೆ ಬಸ್ಸಿಗೆ ನಿಂತಾಗ ಅವರ ಕಪ್ಪು ಬುರ್ಖಾದ ಮೇಲೆಲ್ಲ ಬೆಳ್ಳನೆಯ ಪುಡಿ ಮೆತ್ತಿಕೊಂಡಿರುತ್ತಿತ್ತು. ತೋಳಿನ ಮಡಿಕೆಗಳಲ್ಲಿ, ಭುಜದ ಮೇಲೆ, ಒಮ್ಮೊಮ್ಮೆ ಹುಬ್ಬಿನ ಕೂದಲಲ್ಲೂ. ಗೊತ್ತಿಲ್ಲದವರು ನೋಡಿದರೆ ಹಿಟ್ಟಿನ ಮಿಲ್ಲಿನಿಂದ ಎದ್ದು ಬಂದ ಹೆಂಗಸು ಅಂದುಕೊಳ್ಳಬೇಕು. ಅದು ರೇಷ್ಮೆ ಚಿಟ್ಟೆಯ ರೆಕ್ಕೆಯಿಂದ ಉದುರುವ ಪುಡಿ. ನಾವಿಬ್ಬರೂ ಕೆಲಸ ಮಾಡುತ್ತಿದ್ದ ಕಡೆ ಅದು ಗಾಳಿಯಲ್ಲೇ ತುಂಬಿರುತ್ತಿತ್ತು. ನನಗೆ ಅದರಿಂದ ಸೀನು ಬರುತ್ತಿತ್ತು, ಕಣ್ಣು ಕೆಂಪಾಗುತ್ತಿತ್ತು, ಮೂಗು ಸೋರುತ್ತಿತ್ತು. ಅವರ ಮೇಲೆ ಮಾತ್ರ ಮದುವೆಗೆ ಹೊರಟವರ ಅಲಂಕಾರದ ಹಾಗೆ ಕೂರುತ್ತಿತ್ತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದೇ ಅಲ್ಲಿಂದ ಎಂದರೆ ನಗಬೇಡಿ.

ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನಾನು ಆಪಾ ಎನ್ನುತ್ತಿದ್ದೆ. ಅವರ ಮನೆಮಾತಿನಲ್ಲಿ ಅಕ್ಕ ಎಂದರ್ಥ. ನಮ್ಮ ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರು. ಹುಟ್ಟಿದ್ದು, ಮದುವೆಯಾಗಿದ್ದು, ಬಾಳಿದ್ದು ಎಲ್ಲ ಅಲ್ಲೇ. ರೇಷ್ಮೆಹುಳುವಿಗೆ ತಾಯಿಯಿಂದ ಬರುವ ಗಂಟುರೋಗದ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದಿದ್ದರು. ನಮ್ಮದು ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಕೇಂದ್ರ, ಜೊತೆಗೊಂದು ಚಿಕ್ಕ ಪ್ರಯೋಗಾಲಯ. ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ತಾಯಿಚಿಟ್ಟೆಯನ್ನು ಅರೆದು, ಒಂದು ತೊಟ್ಟು ರಸವನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಂಟುರೋಗದ ಬೀಜಾಣು ಕಂಡರೆ ಆ ತಂಡದ ಮೊಟ್ಟೆಯನ್ನೆಲ್ಲ ಸುಡಬೇಕು. ಕಾಣದಿದ್ದರೆ ರೈತನಿಗೆ ಕೊಡಬಹುದು. ಕೊನೆಯ ನೋಟ ಆಪಾ ಅವರದು. ಅವರು ಹೂಂ ಅಂದರೆ ಮೊಟ್ಟೆ ಹೊರಗೆ, ಊಹೂಂ ಅಂದರೆ ಬೆಂಕಿಗೆ. ನಾನು ಅವರ ಕೆಳಗಿನ ವಿಜ್ಞಾನಿ. ಆ ಕುರ್ಚಿಯ ಮೇಲೆ ನನಗೆ ಆಸೆ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ನಾನು ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಬೇಸಾಯದ ಮನೆಯಿಂದ ಬಂದವಳು. ನಮ್ಮ ಮನೆಯಲ್ಲಿ ದೇವರಿಗೆ ಕೊರತೆಯಿರಲಿಲ್ಲ. ಕಾಲೇಜಿಗೆ ಹೋದ ಮೇಲೆ ನನ್ನ ನಂಬಿಕೆ ಹಾಲುಹಲ್ಲು ಬಿದ್ದ ಹಾಗೆ ಬಿದ್ದುಹೋಯಿತು. ನೋವಾಗಲಿಲ್ಲ, ನಾಲಿಗೆ ಮಾತ್ರ ಆಗಾಗ ಆ ಖಾಲಿ ಜಾಗಕ್ಕೆ ಹೋಗುತ್ತಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಬದಲಿಗೆ, ದೇವರನ್ನು ಬಿಟ್ಟದ್ದೇ ನನ್ನ ವಿಜ್ಞಾನಕ್ಕೆ ಸಿಕ್ಕ ಮೊದಲ ಪದವಿ ಎನ್ನುವಂತೆ ಓಡಾಡಿದೆ. ಹಬ್ಬಕ್ಕೆ ಊರಿಗೆ ಹೋದರೆ ಪೂಜೆಯ ಹೊತ್ತಿಗೆ ಸರಿಯಾಗಿ ತೋಟ ನೋಡಲು ಹೊರಡುತ್ತಿದ್ದೆ. ಅಮ್ಮ ಬೈಯುತ್ತಿರಲಿಲ್ಲ. "ಅವಳು ಓದಿದೋಳು, ಅವಳಿಗೆ ಬೇಕಾಗಿಲ್ಲ" ಎಂದು ಹೇಳಿ ನನ್ನ ಪಾಲಿನ ಪ್ರಸಾದವನ್ನು ತೆಗೆದಿಡುತ್ತಿದ್ದಳು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಆಪಾ ಜೊತೆ ಜಗಳವಾಯಿತು. ನಾನು ಸ್ಲೈಡು ಇಟ್ಟುಕೊಂಡು ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟಿದ್ದೆ. ಅವರು ಹಿಂದೆ ಬಂದು ನಿಂತು, "ಏನಮ್ಮ, ನಿಯತ್ತಿಲ್ದೇನೇ ಕೂತ್ಬಿಟ್ಟಿದ್ದೀಯಲ್ಲ" ಎಂದರು.

ನಮ್ಮ ಕಡೆ ನಿಯತ್ತು ಎಂದರೆ ಪ್ರಾಮಾಣಿಕತೆ. ನಿಯತ್ತಿನ ನಾಯಿ ಎನ್ನುತ್ತೇವೆ, ನಿಯತ್ತಾಗಿ ದುಡಿ ಎನ್ನುತ್ತೇವೆ. ಸೇರಿ ಒಂದು ವಾರವಾಗಿಲ್ಲ, ಒಂದು ಮೊಟ್ಟೆ ಆಚೆ ಕೊಟ್ಟಿಲ್ಲ, ಆಗಲೇ ನನ್ನನ್ನು ನಿಯತ್ತಿಲ್ಲದವಳು ಎಂದುಬಿಟ್ಟರಲ್ಲ ಎಂದು ಮೈ ಉರಿಯಿತು. "ನಾನು ಕಳ್ಳಿ ಅಲ್ಲ ಮೇಡಂ" ಎಂದು ಎದ್ದು ಹೊರಗೆ ಹೋದೆ. ಅವರೊಡನೆ ಮಾತು ಬಿಟ್ಟೆ. ಅವರಿಗೋ, ಈ ಹುಡುಗಿಗೆ ಏನಾಯಿತೆಂದೇ ತಿಳಿದಿರಲಿಲ್ಲ. ಕೊನೆಗೆ ಟೀ ಲೋಟ ಹಿಡಿದು ನಾನಿದ್ದಲ್ಲಿಗೇ ಬಂದು ಕೂತು, ಏನು ತಪ್ಪು ಮಾತಾಡಿದೆ ಎಂದು ಕೇಳಿದರು. ನಾನು ಹೇಳಿದೆ. ಅವರು ಟೀ ಚೆಲ್ಲುವಷ್ಟು ನಕ್ಕರು.

"ಅಯ್ಯೋ, ಅದಲ್ಲ ಕಣಮ್ಮ. ನಮ್ಮ ನಿಯತ್ತು ಬೇರೆ, ನಿಮ್ಮ ನಿಯತ್ತು ಬೇರೆ. ನಮಾಜಿಗೆ ನಿಲ್ಲೋ ಮುಂಚೆ ಏತಕ್ಕೆ ನಿಂತಿದ್ದೀನಿ ಅಂತ ಮನಸ್ನಲ್ಲಿ ಹೇಳ್ಕೋತೀವಿ. ಅದಕ್ಕೆ ನಿಯತ್ತು ಕಟ್ಟೋದು ಅಂತಾರೆ. ಕಟ್ದೇ ನಿಂತ್ರೆ ಬರೀ ಬಗ್ಗೋದು ಏಳೋದು, ಅಷ್ಟೇ. ಇಲ್ಲೂ ಹಂಗೇ. ನಿಂಗೆ ಏನು ಕಾಣ್ಬೇಕು ಅಂತ ಆಸೆ ಇದೆ, ಮೊದ್ಲು ಅದನ್ನ ಬಾಯ್ಬಿಟ್ಟು ಹೇಳ್ಬಿಡು. ಆಮೇಲೆ ನೋಡು."

ಅವರು ಪ್ರತಿದಿನ ಅದನ್ನೇ ಮಾಡುತ್ತಿದ್ದರು. ಸ್ಲೈಡುಗಳ ಟ್ರೇ ಮುಂದಿಟ್ಟುಕೊಂಡು, ಕನ್ನಡಕ ತೆಗೆದು, ಪಕ್ಕದವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುವರು: "ಇವತ್ತು ನಂಗೆ ರೋಗ ಇರಬಾರದು ಅಂತ ಆಸೆ ಇದೆ. ರೈತ್ರು ಹೊರಗೆ ಕಾಯ್ತಾ ಇದ್ದಾರೆ. ಬೇಗ ಮುಗಿಸಿ ಮನೆಗೆ ಹೋಗೋ ಆಸೆನೂ ಇದೆ." ಇಷ್ಟು ಹೇಳಿ, ಬಿಸ್ಮಿಲ್ಲಾ ಎಂದು ಕಣ್ಣು ಕೊಡುವರು. ಗಂಟುರೋಗದ ಬೀಜಾಣು ಮೊಟ್ಟೆಯಾಕಾರದಲ್ಲಿ ಹೊಳೆಯುತ್ತದೆ. ಚಿಟ್ಟೆಯ ಮೈಯ ಕೊಬ್ಬಿನ ಹನಿಯೂ ಹೆಚ್ಚುಕಡಿಮೆ ಹಾಗೇ ಹೊಳೆಯುತ್ತದೆ. ಬೇಡವೆನ್ನಿಸಿದ ದಿನ ಬೀಜಾಣು ಕೊಬ್ಬಾಗಿ ಕಾಣುತ್ತದೆ, ಹೆದರಿದ ದಿನ ಕೊಬ್ಬು ಬೀಜಾಣುವಾಗಿ ಕಾಣುತ್ತದೆ. ಆಸೆಯನ್ನು ಮುಂಚೆಯೇ ಹೇಳಿಬಿಟ್ಟರೆ ಅದು ಕಣ್ಣಿನೊಳಗೆ ಕದ್ದು ಕೂರುವುದಿಲ್ಲ ಎನ್ನುವುದು ಅವರ ಲೆಕ್ಕ. ಹೊರದೇಶದ ಪ್ರಯೋಗಾಲಯಗಳಲ್ಲಿ ಇದಕ್ಕೇ ದೊಡ್ಡ ಹೆಸರಿಟ್ಟು, ಪ್ರಯೋಗಕ್ಕೆ ಮೊದಲೇ ಊಹೆಯನ್ನು ದಾಖಲು ಮಾಡಿಸುತ್ತಾರೆ. ನಾನು ಅದನ್ನು ಓದಿ ತಿಳಿದಿದ್ದೆ. ಅವರು ನಮಾಜಿನಿಂದ ತಿಳಿದಿದ್ದರು. ಅದನ್ನೇ ನನಗೆ ಸಹಿಸಲಾಗಲಿಲ್ಲ.

ನಾನು ಕಟ್ಟುತ್ತಿರಲಿಲ್ಲ. "ನಂಗೆ ಯಾವ ಆಸೆನೂ ಇಲ್ಲ ಆಪಾ, ಇದ್ದಿದ್ದನ್ನ ನೋಡ್ತೀನಿ" ಎನ್ನುತ್ತಿದ್ದೆ.

"ಪುಣ್ಯವಂತೆ" ಎನ್ನುತ್ತಿದ್ದರು. ತಮಾಷೆಗೋ ನಿಜಕ್ಕೋ ಎಂದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ.

ಮಧ್ಯಾಹ್ನ ಒಂದರ ಮೇಲೆ ಅವರು ಕೈಕಾಲು ಮುಖ ತೊಳೆದು, ಚಿಟ್ಟೆ ಮೊಟ್ಟೆಯಿಟ್ಟ ಹಾಳೆಗಳನ್ನು ಇಡುವ ಕೋಣೆಗೆ ನಮಾಜಿಗೆ ಹೋಗುತ್ತಿದ್ದರು. ಅಲ್ಲಿ ಬೀರುವಿನ ಹಿಂದೆ ಒಂದು ಚಾಪೆ ಸುತ್ತಿಟ್ಟಿರುತ್ತಿದ್ದರು. ವಾಪಸ್ಸು ಬರುವಾಗ ಮುಖ ಒದ್ದೆ, ಮುಂಗೂದಲು ಒದ್ದೆ, ಕಣ್ಣು ಹೊಸದು. ಅಷ್ಟು ಹೊತ್ತು ನಾನು ಕ್ಯಾಂಟೀನಿನಲ್ಲಿ ಕೂತು ಟೀ ಕುಡಿಯುತ್ತಿದ್ದೆ. ಟೀ ಕುಡಿದವಳ ಮುಖ ಟೀ ಕುಡಿದವಳ ಮುಖದ ಹಾಗೇ ಇರುತ್ತಿತ್ತು. ಬೇರೆ ದಾರಿ ಇರಬೇಕೆಂದು ಬೆಂಗಳೂರಿನಲ್ಲಿ ಧ್ಯಾನದ ತರಗತಿಗೆ ಸೇರಿದೆ, ಫೋನಿನಲ್ಲಿ ಉಸಿರಾಟದ ಆಪ್ ಹಾಕಿಕೊಂಡೆ. ತರಗತಿಯಲ್ಲಿ ನಿದ್ದೆ ಬಂತು. ಆಪ್ ಉಸಿರು ಬಿಡಿ ಎಂದಾಗಲೆಲ್ಲ ನನಗೆ ಕೋಪ ಬರುತ್ತಿತ್ತು.

ರಂಜಾನಿನಲ್ಲಂತೂ ನನ್ನ ಹೊಟ್ಟೆಕಿಚ್ಚಿಗೆ ಮಿತಿಯೇ ಇರುತ್ತಿರಲಿಲ್ಲ. ಬೇಸಿಗೆಯ ಬಿಸಿಲು, ನೀರು ಕೂಡ ಮುಟ್ಟುವುದಿಲ್ಲ, ಆದರೂ ಅವರ ಟ್ರೇ ನನ್ನ ಟ್ರೇಗಿಂತ ಮೊದಲು ಖಾಲಿಯಾಗುತ್ತಿತ್ತು. ಒಂದು ದಿನ ತಡೆಯಲಾರದೆ, ಹೊಟ್ಟೆ ಹಸಿದಾಗ ಗಮನ ಕಡಿಮೆಯಾಗುತ್ತದೆ ಎಂದು ಅಧ್ಯಯನಗಳಿವೆ, ಕೊನೆಯ ನೋಟವನ್ನು ಈ ತಿಂಗಳು ನನಗೆ ಬಿಡಿ ಎಂದೆ. ಅವರು ಮುನಿಸಿಕೊಳ್ಳಲಿಲ್ಲ. "ಪರೀಕ್ಷೆ ಮಾಡೋಣ, ಒಳ್ಳೇ ಪ್ರಶ್ನೆ" ಎಂದು ತಾವೇ ಏರ್ಪಾಡು ಮಾಡಿದರು. ಗುರುತು ಮುಚ್ಚಿದ ಸ್ಲೈಡುಗಳನ್ನು ಇಬ್ಬರೂ ನೋಡಬೇಕು, ಮೂರನೆಯವರು ತಾಳೆ ನೋಡಬೇಕು. ತಪ್ಪು ನನ್ನದೇ ಹೆಚ್ಚು ಬಂತು. ಆಪಾ ಅದನ್ನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿ ತೋರಿಸಲಿಲ್ಲ. ಹೇಳಿ ಚುಚ್ಚಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಒಮ್ಮೆ ಬಸ್ ಸ್ಟಾಪಿನಲ್ಲಿ ನೇರವಾಗಿ ಕೇಳಿಯೇಬಿಟ್ಟೆ. "ಆಪಾ, ಟ್ರೈನಿಂಗಿಗೆ ಬಂದ ಹುಡುಗ್ರಿಗೆ ಹುಳದ ವಿಕಾಸ ಪಾಠ ಮಾಡ್ತೀರಿ. ಲಕ್ಷಾಂತರ ವರ್ಷದ ಕತೆ ಹೇಳ್ತೀರಿ. ಆಮೇಲೆ ಹೋಗಿ ಎಲ್ಲಾನೂ ಒಬ್ಬ ಮಾಡ್ದ ಅಂತ ಅವನಿಗೆ ಕೈ ಮುಗೀತೀರಿ. ಹೆಂಗೆ ಆಗುತ್ತೆ?"

"ಕೈ ಮುಗಿಯಲ್ಲ, ಕೈ ಕಟ್ಕೋತೀವಿ. ಇಷ್ಟು ವರ್ಷದಿಂದ ನೋಡ್ತಾ ಇದ್ದೀಯ, ಅದನ್ನೇ ಸರಿಯಾಗಿ ನೋಡಿಲ್ಲ" ಎಂದರು. ನಾನು ಬಿಡಲಿಲ್ಲ. ಮಾತು ಹಾರಿಸಬೇಡಿ ಎಂದೆ. ಅವರು ಬಸ್ಸು ಬರುವ ದಿಕ್ಕಿಗೆ ತಿರುಗಿದರು. ನಮ್ಮ ತಲೆಯ ಮೇಲೆ ವಿಮಾನವೊಂದು ಚಕ್ರ ಬಿಚ್ಚಿಕೊಂಡು ಇಳಿಯುತ್ತಿತ್ತು. ಅದರ ಸದ್ದು ಮುಗಿಯುವವರೆಗೂ ಕಾಯಬೇಕಾಯಿತು.

"ಜಗಳ ಇದೆ ಕಣಮ್ಮ, ಇಲ್ಲ ಅನ್ನಲ್ಲ. ಕೆಲವು ಕಡೆ ಎರಡೂ ಕೂಡಲ್ಲ, ನಂಗೂ ಗೊತ್ತು. ನಮ್ಮೆಜಮಾನ್ರ ಜೊತೆ ಮದುವೆ ಆದಾಗಿಂದ ಒಂದು ಜಗಳ ಇದೆ, ಇನ್ನೂ ಮುಗಿದಿಲ್ಲ. ಹಂಗಂತ ಮನೆ ಬಿಟ್ಟು ಬಂದ್ನಾ?"

ವಿಜ್ಞಾನ ಬೇರೆ, ಧರ್ಮ ಬೇರೆ ಎಂದು ಅವರು ಹೇಳಿದ್ದರೆ ತಲೆ ಚಚ್ಚಿ ವಾದ ಮಾಡುತ್ತಿದ್ದೆ. ಎರಡೂ ಒಂದೇ ಎಂದಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಜಗಳ ಇದೆ, ಇದ್ದೇನೆ ಎನ್ನುವವರ ಹತ್ತಿರ ಏನು ಮಾತಾಡುವುದು? ಬಸ್ಸು ಬಂತು, ಅವರು ಹತ್ತಿ ಹೋದರು.

ಅವತ್ತಿನಿಂದ ನಾನೊಂದು ಗಳಿಗೆಗಾಗಿ ಕಾಯತೊಡಗಿದೆ. ಎಂದಾದರೊಂದು ದಿನ ಇವರಿಗೆ ಕಷ್ಟ ಬರುತ್ತದೆ, ಅವತ್ತು ಎಲ್ಲ ನಂಬುವವರ ಹಾಗೆ ಇವರೂ ಅಲ್ಲಾಹನ ಇಚ್ಛೆ ಎಂದು ಕೈ ತೊಳೆದುಕೊಳ್ಳುತ್ತಾರೆ. ಅವತ್ತು ನಾನು ಗೆದ್ದ ಹಾಗೆ. ಇವರ ನಂಬಿಕೆಯೇ ಇವರ ವಿಜ್ಞಾನದಲ್ಲಿರುವ ಬಿರುಕು ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಅದು ತೋರದಿದ್ದರೆ ನಾನು ಬಿಟ್ಟುಕೊಟ್ಟದ್ದೆಲ್ಲ ಸುಮ್ಮನೆ ಬಿಟ್ಟುಕೊಟ್ಟಂತೆ ಆಗುತ್ತಿತ್ತು. ಅವರನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಪ್ರೀತಿಯಿಂದಲ್ಲ, ಈ ಕಾರಣಕ್ಕೆ.

ಸಣ್ಣಪುಟ್ಟ ಅವಕಾಶಗಳು ಬಂದವು, ಕೈಗೆ ಸಿಗಲಿಲ್ಲ. ಆಪಾ ಬಹಳ ದೈವಭಕ್ತೆ ಎಂದು ಕೇಳಿ ಒಬ್ಬ ರೈತ ಹುಳುವಿನ ಮನೆಗೆ ಕಟ್ಟಲು ತಾಯಿತ ಬರೆಸಿಕೊಡಿ ಎಂದು ಬಂದಿದ್ದ. ನಾನು ಕಿವಿ ನಿಮಿರಿಸಿದೆ. "ತಾಯಿತ ನಂಗೆ ಗೊತ್ತಿಲ್ಲಪ್ಪ. ದುವಾ ಮಾಡು ಅಂದ್ರೆ ಮಾಡ್ತೀನಿ. ಆದ್ರೆ ಹುಳದ ಮನೆಗೆ ಸುಣ್ಣ ಹೊಡ್ಯೋದು, ಬ್ಲೀಚಿಂಗ್ ಪೌಡರ್ ಹಾಕೋದು ನಿಂದು. ನೀನು ಮಾಡ್ದೇ ಇದ್ರೆ ನಂದು ನಾನು ವಾಪಸ್ ತಗೋತೀನಿ" ಎಂದರು. ಅವನು ನಗುತ್ತ ಹೋದ. ಮುಂದಿನ ಸಲ ಗೂಡು ಚೆನ್ನಾಗಿ ಬಂತೆಂದು ಮನೆಯಿಂದ ಚಕ್ಕೋತ ತಂದುಕೊಟ್ಟ. ಅದರಲ್ಲಿ ಅರ್ಧ ನನಗೂ ಸಿಕ್ಕಿತು. ತಿಂದೆ, ಸಿಹಿಯಾಗಿಯೇ ಇತ್ತು.

ಕಾಯುತ್ತಿದ್ದ ಗಳಿಗೆ ಒಂದು ಮಳೆಗಾಲದ ಕೊನೆಯಲ್ಲಿ ಬಂತು. ಆವತಿ ಕಡೆಯ ರೈತರಿಂದ ಒಂದರ ಹಿಂದೆ ಒಂದು ಫೋನು. ಹುಳುವಿನ ಪೊರೆ ಬಿಡುವ ನಿದ್ದೆಗೆ ರೈತರು ಜ್ವರ ಎನ್ನುತ್ತಾರೆ. ಮೂರನೇ ಜ್ವರ ಎದ್ದ ಹುಳು ಒಂದು ದಪ್ಪ ಒಂದು ಸಣ್ಣ ಆಗಿವೆ, ಸೊಪ್ಪು ಮುಟ್ಟುತ್ತಿಲ್ಲ ಎಂದು ದೂರು. ಆಪಾ, ನಾನು, ಕೇಂದ್ರದ ಮ್ಯಾನೇಜರು ಜೀಪಿನಲ್ಲಿ ಹೋದೆವು. ಮ್ಯಾನೇಜರು ದಾರಿಯುದ್ದಕ್ಕೂ ಹವಾಮಾನದ ಮಾತಾಡಿದರು. ಈ ಸಲ ತೇವ ಜಾಸ್ತಿ, ಸೊಪ್ಪಿನಲ್ಲಿ ನೀರು ಜಾಸ್ತಿ, ನಮ್ಮ ಮೊಟ್ಟೆಯಲ್ಲಿ ಏನೂ ಇಲ್ಲ ಎಂದರು. ನಾನೂ ತಲೆಯಾಡಿಸಿದೆ. ಮೊದಲ ಮನೆಯಲ್ಲಿ ಆಪಾ ಹುಳು ಸಾಕುವ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಹುಳುವನ್ನು ಅಂಗೈ ಮೇಲೆ ಹಾಕಿಕೊಂಡರು. ಅದರ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳಿದ್ದವು. ಆ ತಂಡದ ತಾಯಿಚಿಟ್ಟೆಗಳ ಕೊನೆಯ ನೋಟ ನೋಡಿದವರು ಅವರೇ.

"ಇವತ್ತು ಏನೂ ಹೇಳಲ್ಲ. ನೋಡಿ, ನಾಳೆ ಬಂದು ಹೇಳ್ತೀನಿ" ಎಂದರು.

ಪ್ರಯೋಗಾಲಯಕ್ಕೆ ಬಂದವರೇ ಅದೇ ತಂಡದಲ್ಲಿ ನಮ್ಮಲ್ಲಿ ಉಳಿಸಿಕೊಂಡಿದ್ದ ಮೊಟ್ಟೆಗಳನ್ನು ಅರೆದು ಸ್ಲೈಡು ಮಾಡಿದರು. ಕನ್ನಡಕ ತೆಗೆದು ಎಂದಿನಂತೆ ಗಟ್ಟಿಯಾಗಿ ಹೇಳಿದರು. "ಇದ್ರಲ್ಲಿ ಏನೂ ಇರಬಾರದು ಅಂತ ಆಸೆ ಇದೆ. ನನ್ನ ತಪ್ಪು ಅಲ್ಲ ಅಂತ ಆಗ್ಲಿ ಅಂತ ಬಹಳ ಆಸೆ ಇದೆ." ನೋಡಿದರು, ಎದ್ದರು, ನನ್ನನ್ನು ಕೂರಿಸಿದರು. ಬೀಜಾಣುಗಳು ಇದ್ದವು. ಕೊಬ್ಬಲ್ಲ, ಅನುಮಾನಕ್ಕೆ ಜಾಗವೇ ಇಲ್ಲ. ಮ್ಯಾನೇಜರು ಬಾಗಿಲು ಹಾಕಿಕೊಂಡು ಬಂದು, ರೈತರ ಮನೆಯಲ್ಲೇ ಸೋಂಕು ತಗುಲಿರಬಹುದು ಎಂದು ಬರೆದರೆ ಯಾರೂ ಕೇಳುವುದಿಲ್ಲ ಎಂದರು. ಆಪಾ ಮ್ಯಾನೇಜರ ಮುಖ ನೋಡಿ, "ಈ ಮೊಟ್ಟೆ ರೈತ್ರ ಮನೆಗೇ ಹೋಗಿಲ್ಲ ಸರ್, ಇದು ಇಲ್ಲೇ ಇದ್ದಿದ್ದು" ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ನಾವಿಬ್ಬರೇ ಹೋದೆವು. ಆ ಮೊದಲ ಮನೆಯ ಮುಂದಿನ ಅಂಗಳದಲ್ಲಿ ಏಳೆಂಟು ಜನ ಸೇರಿದ್ದರು. ಚಂದ್ರಿಕೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಹುಳು ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳು ಅವು. ಈ ಸಲ ಅವುಗಳಿಗೆ ಕೆಲಸವಿರಲಿಲ್ಲ. ಆಪಾ ನಿಂತುಕೊಂಡೇ ಹೇಳಿದರು. "ರೋಗ ನಮ್ಮ ಮೊಟ್ಟೇಲೇ ಇತ್ತು. ತಾಯಿಚಿಟ್ಟೆ ನೋಡಿದ್ದು ನಾನು. ನಂಗೆ ಕಾಣ್ಲಿಲ್ಲ. ಹುಳ ಎಲ್ಲಾ ಸುಡ್ಬೇಕು, ಮನೆ ಶುದ್ಧ ಮಾಡ್ಬೇಕು. ಆ ಕೆಲಸಕ್ಕೆ ನಾವೂ ಬರ್ತೀವಿ."

ಆಮೇಲೆ ಮನೆಯ ಯಜಮಾನ, ವಯಸ್ಸಾದವರು, ಟವೆಲಿನಿಂದ ಮುಖ ಒರೆಸಿಕೊಂಡು ಅವರಿಗೇ ಸಮಾಧಾನ ಹೇಳಿದರು. "ಬುಡಿ ಮೇಡಮ್ನೋರೇ. ದೇವ್ರು ಮಾಡಿದ್ದು. ನಿಮ್ಮಲ್ಲೂ ಹಂಗೇ ಅಲ್ವಾ ಅನ್ನೋದು, ಅಲ್ಲಾನ ಇಚ್ಛೆ ಅಂತ."

ಇಷ್ಟು ವರ್ಷ ನಾನು ಕಾದ ಮಾತು ಅದು. ಈಗ ಯಾರೋ ಅದನ್ನು ತಟ್ಟೆಯಲ್ಲಿಟ್ಟು ಅವರ ಕೈಗೇ ಕೊಡುತ್ತಿದ್ದರು. ಹೂಂ ಎಂದರೆ ಸಾಕು. ಅಂಗಳದಲ್ಲಿ ಯಾರೂ ಬೇರೆ ಏನನ್ನೂ ಕೇಳುತ್ತಿರಲಿಲ್ಲ.

"ದೇವ್ರ ತಲೆಗೆ ಕಟ್ಬೇಡಿ ಯಜಮಾನ್ರೇ" ಎಂದರು ಆಪಾ. "ಅವನು ತೋರ್ಸಿದ್ದ. ನಾನು ನೋಡ್ಲಿಲ್ಲ."

ಯಜಮಾನರ ಸೊಸೆ ಬಾಗಿಲಲ್ಲಿ ನಿಂತಿದ್ದಳು. "ಹಂಗಾದ್ರೆ ನೀವು ನೋಡ್ದೇ ಇದ್ದಿದ್ಕೆ ನಮ್ ಬೆಳೆ ಹೋಯ್ತು ಅಂತಾಯ್ತು" ಎಂದಳು. ಆಪಾ ಹೌದಮ್ಮ ಎಂದರು. ಅವಳು ಬೈದಳು. ಸೊಪ್ಪು ಕೊಯ್ದು ಕೊಯ್ದು ಬೆರಳು ಒಡೆದದ್ದನ್ನು ತೋರಿಸಿ ಬೈದಳು. ಆಪಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬುರ್ಖಾದ ತೋಳು ಮಡಚಿಕೊಂಡು ಅವಳ ಜೊತೆಗೇ ತಟ್ಟೆಗಳನ್ನು ಹೊರಗೆ ಎತ್ತಿಡಲು ಹೋದರು. ನಾನು ಹಿಂದೆ ಹೋದೆ.

ಹುಳು ಸುಡುವ ವಾಸನೆ ಕೆಟ್ಟದ್ದು. ಹಿಂದಿನ ದಿನ ಜೀಪಿನಲ್ಲಿ ನನ್ನ ತಲೆಯೊಳಗೆ ಎಷ್ಟು ಉತ್ತರಗಳು ಸಿದ್ಧವಾಗಿದ್ದವು: ತೇವ, ಸೊಪ್ಪು, ಪಕ್ಕದ ತೋಟದವರು ಹೊಡೆದ ಔಷಧಿ. ದೇವರೇ ಇಲ್ಲದ ನನ್ನ ಹತ್ತಿರ ನೆಪಗಳಿಗೆ ಬರವಿರಲಿಲ್ಲ. ಅಷ್ಟು ದೊಡ್ಡ ದೇವರನ್ನು ಇಟ್ಟುಕೊಂಡ ಆ ಹೆಂಗಸಿನ ಹತ್ತಿರ ಒಂದೇ ಒಂದು ನೆಪವಿರಲಿಲ್ಲ. ನಾನು ಹುಡುಕುತ್ತಿದ್ದ ಬಿರುಕು ಅವರಲ್ಲಿ ಇರಲಿಲ್ಲ. ಗೌರವ ಬರಬೇಕಿತ್ತು, ಬಂತು ಕೂಡ. ಅದಕ್ಕಿಂತ ಮೊದಲು ಬಂದದ್ದು ಅಸೂಯೆ. ಅವರಿಗೆ ಸಿಕ್ಕಿರುವುದು ನನಗೇಕೆ ಸಿಗಲಿಲ್ಲ ಎಂಬ, ಅಳು ಬರುವಂಥ ಅಸೂಯೆ.

ಆಮೇಲೆ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋದರು. ಬಲಗಣ್ಣಿನ ಒಳಪೊರೆ ಸವೆಯುತ್ತಿತ್ತು, ಮತ್ತೆ ಸರಿಹೋಗುವಂಥದ್ದಲ್ಲ. ಮರುದಿನ ಬಂದು ಕುರ್ಚಿಯನ್ನು ನನ್ನ ಕಡೆಗೆ ತಳ್ಳಿದರು. "ಇನ್ಮೇಲೆ ಕೊನೇ ನೋಟ ನಿಂದು. ಕೂತ್ಕೋ."

ಬಯಸಿದ್ದು ಸಿಕ್ಕಿತು. ಕೂತೆ. ಟ್ರೇ ಮುಂದೆ ಬಂತು. ಹೊರಗೆ ರೈತರು ಬೆಂಚಿನ ಮೇಲೆ ಕಾಯುತ್ತಿದ್ದರು, ಅವರ ಮಾತು ಕಿಟಕಿಯಿಂದ ಕೇಳಿಸುತ್ತಿತ್ತು. ಮೊದಲ ಸ್ಲೈಡು ಇಟ್ಟೆ, ಹೊಳೆಯುವ ಹನಿಯೊಂದು ಕಂಡಿತು. ಕೊಬ್ಬೋ ಬೀಜಾಣುವೋ ಹೇಳಲಾಗಲಿಲ್ಲ. ಇಷ್ಟು ದಿನ ನನ್ನ ಹಿಂದೆ ಇನ್ನೊಂದು ಕಣ್ಣಿತ್ತು, ಅದಕ್ಕೇ ನನಗೆ ಆಸೆಗಳಿಲ್ಲ ಎನ್ನುತ್ತಿದ್ದೆ. ಈಗ ಮೈತುಂಬ ಆಸೆಗಳೇ ಇದ್ದವು. ತಿರುಗಿ ನೋಡಿದರೆ ಆಪಾ ಗೋಡೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು.

"ಯಾರಿಗೆ ಹೇಳೋದು ಆಪಾ?" ಎಂದೆ. "ನೀವು ಅವನಿಗೆ ಹೇಳ್ತೀರಿ. ನಂಗೆ ಯಾರಿದ್ದಾರೆ?"

"ಗೋಡೆಗೆ ಹೇಳು. ನಾನು ಇಲ್ಲೇ ಇದ್ದೀನಲ್ಲ, ಕೇಳಿಸ್ಕೋತೀನಿ."

ಹೇಳಿದೆ. ನನಗೆ ಈ ಕುರ್ಚಿ ಬೇಕಿತ್ತು ಎಂದು ಹೇಳಿದೆ. ತಪ್ಪು ಮಾಡಲು ಭಯ ಎಂದು ಹೇಳಿದೆ. ನಿಮಗಿಂತ ಚೆನ್ನಾಗಿ ನೋಡಬೇಕು, ಎಲ್ಲರೂ ಹಾಗೆ ಅನ್ನಬೇಕು ಎಂಬ ಆಸೆಯಿದೆ ಎಂದೂ ಹೇಳಿಬಿಟ್ಟೆ. ಅವರು ನಗಲಿಲ್ಲ, ಬುದ್ಧಿವಾದ ಹೇಳಲಿಲ್ಲ. "ಹೂಂ, ಆಯ್ತು. ಈಗ ನೋಡು" ಎಂದರು. ನೋಡಿದೆ. ಆ ಹನಿ ಕೊಬ್ಬಾಗಿತ್ತು.

ನಿವೃತ್ತಿಯಾಗುವವರೆಗೆ ದಿನಾ ಬಂದು ಆ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಿವೃತ್ತಿಯಾದ ಮೇಲೆ ನಾನು ಬೆಳಿಗ್ಗೆ ಫೋನು ಮಾಡುತ್ತಿದ್ದೆ. ಅವರು ಒಗ್ಗರಣೆ ಹಾಕುತ್ತಲೋ ಮೊಮ್ಮಗಳಿಗೆ ಜಡೆ ಹೆಣೆಯುತ್ತಲೋ ಕೇಳಿಸಿಕೊಂಡು, "ಹೂಂ, ಆಯ್ತು" ಎಂದು ಇಡುತ್ತಿದ್ದರು. ನಾನು ಕಣ್ಣಾರೆ ನೋಡಿದ ಮೊಟ್ಟೆಯೆಲ್ಲ ಆ ಹೂಂ ಮೇಲೆಯೇ ನಿಂತಿದೆ. ಇದನ್ನು ನಮ್ಮ ಕೇಂದ್ರದ ಯಾವ ವರದಿಯಲ್ಲೂ ನಾನು ಬರೆದಿಲ್ಲ.

ಹೋದ ವರ್ಷ ಅವರ ಮೂತ್ರಪಿಂಡ ಕೈಕೊಟ್ಟಿತು. ಕೊನೆಗೆ ಡಯಾಲಿಸಿಸ್ ಸಾಕೆಂದು ಮನೆಗೆ ಬಂದುಬಿಟ್ಟರು. ವಿಜಯಪುರದ ಮನೆಗೆ ನೋಡಲು ಹೋದೆ. ಮಂಚದ ಪಕ್ಕ ಕೂತು, ಬೇರೆ ಮಾತು ಸಿಗದೆ, ಇದ್ದದ್ದನ್ನು ಹೇಳಿದೆ.

"ನಿಮ್ಮ ಮೇಲೆ ನಂಗೆ ಹೊಟ್ಟೆಕಿಚ್ಚು ಆಪಾ. ಮೊದಲಿಂದಾನೂ."

"ಗೊತ್ತು ಕಣಮ್ಮ. ನಾನು ಮೈಕ್ರೋಸ್ಕೋಪಿನೋಳು. ಇಷ್ಟು ದೊಡ್ಡದು ಕಾಣಲ್ವಾ?"

"ಭಯ ಇಲ್ವಾ? ಅಲ್ಲಿ ಏನಿದೆ ಅಂತ ನಿಮಗೆ ಗೊತ್ತಾ?" ನನ್ನ ಧ್ವನಿಯಲ್ಲಿ ಹಳೆಯ ಜಗಳಗಂಟಿ ಇನ್ನೂ ಇದ್ದಳು. ಒಂದು ಸಲವಾದರೂ ಅವರು ಅನುಮಾನ ಪಡಲಿ, ಒಂದು ಗಳಿಗೆಯಾದರೂ ನನ್ನ ಪಕ್ಕಕ್ಕೆ ಬಂದು ನಿಲ್ಲಲಿ ಎಂದು ಆಗಲೂ ಆಸೆಯಿತ್ತು.

"ಗೊತ್ತಿಲ್ಲ" ಎಂದರು, ನಿರಾಳವಾಗಿ. "ಗೊತ್ತಿದ್ದಿದ್ರೆ ನಂಬೋದ್ಯಾಕೆ? ಹೋಗಿ ನೋಡ್ತೀನಿ. ನೋಡಿದ್ದನ್ನ ವಾಪಸ್ ಬಂದು ನಿಂಗೆ ಹೇಳೋಕಾಗಲ್ವಲ್ಲ, ಅದೊಂದೇ ಬೇಜಾರು." ಹೇಳಿ ನಕ್ಕರು. ನಾನು ಹೊರಗೆ ಬಂದು ಬೀದಿಯಲ್ಲಿ ನಿಂತು ಅತ್ತೆ. ಗೊತ್ತಿಲ್ಲ ಎನ್ನುವ ಮಾತನ್ನು ನಾನು ಒಂದು ಸಲವೂ ಅಷ್ಟು ಹಗುರಾಗಿ ಹೇಳಿಲ್ಲ.

ಅವರು ಹೋದರು. ಮೂರನೆಯ ದಿನ ಮನೆಯಲ್ಲಿ ಹೆಂಗಸರು ಸೇರುತ್ತಾರೆ, ಬಾ ಎಂದು ಆಪಾ ಅವರ ತಂಗಿ ಫೋನು ಮಾಡಿದರು. ಹೋದೆ. ನಡುಮನೆಯಲ್ಲಿ ಬಿಳಿ ಬಟ್ಟೆ ಹಾಸಿ, ಮಧ್ಯೆ ತೊಳೆದು ಒಣಗಿಸಿದ ಹುಣಸೆ ಬೀಜದ ದೊಡ್ಡ ಗುಡ್ಡೆ ಹಾಕಿದ್ದರು. ಸುತ್ತ ಕೂತ ಹೆಂಗಸರು ಒಂದೊಂದು ಬೀಜ ಎತ್ತಿಕೊಂಡು, ತುಟಿಯಲ್ಲಿ ಒಂದು ಪ್ರಾರ್ಥನೆ ಹೇಳಿ, ಬೀಜವನ್ನು ಆಚೆಗೆ ಹಾಕುತ್ತಿದ್ದರು. ಸತ್ತವರಿಗೆ ಅದು ತಲುಪುತ್ತದಂತೆ. ನನಗೂ ಜಾಗ ಮಾಡಿದರು. ಯಾರೋ ನನ್ನ ಕೈಗೂ ಒಂದು ಹಿಡಿ ಬೀಜ ಹಾಕಿದರು.

ಎಲ್ಲರ ತುಟಿಯೂ ಆಡುತ್ತಿತ್ತು, ನನ್ನದೊಂದನ್ನು ಬಿಟ್ಟು. ಆಪಾ ಅವರನ್ನು ಎರಡು ಸಲವೂ ನೋಡಿರದ ನೆಂಟರು, ಪಕ್ಕದ ಬೀದಿಯವರು, ಶಾಲೆಗೆ ಹೋಗುವ ಹುಡುಗಿಯರು, ಎಲ್ಲರಿಗೂ ಅವರಿಗಾಗಿ ಹೇಳಲು ಏನೋ ಇತ್ತು, ಹೇಳಲು ಯಾರೋ ಇದ್ದರು. ಅಷ್ಟು ವರ್ಷ ಪಕ್ಕದಲ್ಲಿ ಕೂತವಳಿಗೆ ಏನೂ ಇರಲಿಲ್ಲ. ಆ ನಡುಮನೆಯಲ್ಲಿದ್ದ ಒಬ್ಬೊಬ್ಬರ ಮೇಲೂ ನನಗೆ ಹೊಟ್ಟೆ ಉರಿಯಿತು.

ಆಪಾ ಅವರ ತಂಗಿ ನನ್ನ ಬಿಗಿದ ಮುಷ್ಟಿ ನೋಡಿದರು. ಮೆಲ್ಲಗೆ ಹತ್ತಿರ ಸರಿದು ಅಂಗೈ ಚಾಚಿದರು. "ಕೊಡಿ. ನಿಮ್ಮ ಪಾಲಿಂದೂ ನಾನೇ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ."

ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದರು. ಆದರೆ ಆಪಾಗೆ ನಾನು ಹೇಳಬೇಕಾದ್ದನ್ನು ಇನ್ನೊಬ್ಬರು ಹೇಳುವುದನ್ನು ನನಗೆ ಸಹಿಸಲಾಗಲಿಲ್ಲ. ಕೊಡಲಿಲ್ಲ. ಮುಷ್ಟಿ ಬಿಚ್ಚಿ ಒಂದು ಬೀಜ ಎತ್ತಿಕೊಂಡೆ. ನನಗೆ ಬರುವುದು ಒಂದೇ, ಕಂಡದ್ದನ್ನು ಕಂಡ ಹಾಗೆ ಹೇಳುವುದು. ಆವತಿಯ ಅಂಗಳದಲ್ಲಿ ದೇವರ ತಲೆಗೆ ಕಟ್ಟಬೇಡಿ ಎಂದದ್ದನ್ನು ನಾನು ಕಂಡಿದ್ದೇನೆ ಎಂದು ತುಟಿಯಲ್ಲಿ ಹೇಳಿ ಬೀಜವನ್ನು ಆಚೆ ಹಾಕಿದೆ. ನನ್ನ ಸೋಲನ್ನು ಯಾರಿಗೂ ಹೇಳದೆ ಉಳಿದದ್ದನ್ನು ಕಂಡಿದ್ದೇನೆ, ಇನ್ನೊಂದು. ಬೈಸಿಕೊಂಡ ಮೇಲೆ ತೋಳು ಮಡಚಿದ್ದನ್ನು ಕಂಡಿದ್ದೇನೆ, ಇನ್ನೊಂದು. ಯಾರಿಗೆ ಹೇಳುತ್ತಿದ್ದೆನೋ ನನಗೆ ಗೊತ್ತಿರಲಿಲ್ಲ. ಹೇಳುತ್ತ ಹೋದೆ. ನನ್ನ ಕೈಯ ಬೀಜ ಮುಗಿದವು. ಬಗ್ಗಿ, ಮಧ್ಯದ ಗುಡ್ಡೆಯಿಂದ ಇನ್ನೊಂದು ಹಿಡಿ ತೆಗೆದುಕೊಂಡೆ.